ಗುಂಪಿನಲ್ಲಿ ಗೋವಿಂದ ಎಂದವರಿಗೆ ಪ್ರಶ್ನೆಪತ್ರಿಕೆ

'ಗುಂಪಿನಲ್ಲಿ ಗೋವಿಂದ' ಅನ್ನುವ ಮಾತನ್ನು ನಾವು ಯಾರನ್ನೂ ಹೊಗಳುವುದಕ್ಕೆ ಬಳಸುವುದಿಲ್ಲ. ತಾನಾಗಿ ಏನೂ ಮಾಡದೆ, ಹತ್ತು ಜನರ ದನಿಗೆ ತನ್ನದೊಂದು ದನಿ ಸೇರಿಸಿ, ಪ್ರಸಾದದ ಹೊತ್ತಿಗೆ ಕೈ ಚಾಚುವವನಿಗೆ ಮೀಸಲಾದ ಮಾತು ಅದು. ಆದರೆ ಕಾನೂನಿನಲ್ಲಿ ಒಂದು ಜಾಗವಿದೆ. ಅಲ್ಲಿ ಹೀಗೆ ಸುಮ್ಮನೆ ಗುಂಪಿನಲ್ಲಿ ಕೂರುವುದನ್ನು ನ್ಯಾಯಾಲಯಗಳೇ ಒಂದು ಹಕ್ಕು ಎಂದು ಒಪ್ಪಿವೆ. ಅಮೆರಿಕದವರು 'ಕ್ಲಾಸ್ ಆಕ್ಷನ್' ಎಂದು ಕರೆಯುವ ಸಾಮೂಹಿಕ ದಾವೆಯೇ ಆ ಜಾಗ. ಸುಮ್ಮನಿರುವ ಈ ಹಕ್ಕಿಗೂ, ಎದುರು ಪಕ್ಷದ ಪ್ರಶ್ನೆ ಕೇಳುವ ಹಕ್ಕಿಗೂ ಅಲ್ಲಿ ಐವತ್ತು ವರ್ಷಗಳಿಂದ ಜಗ್ಗಾಟ ನಡೆದಿದೆ. ಈ ಸಲದ ಅಂಕಣ ಅದರ ಬಗ್ಗೆ. ದೂರದ ದೇಶದ ಕೋರ್ಟಿನ ಕಥೆ ನಮಗೇಕೆ ಅನ್ನಬೇಡಿ. ಮುಂಬಯಿಯಲ್ಲೋ ಪುಣೆಯಲ್ಲೋ ಕೂತು ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿರುವವರು ನಮ್ಮ ಓದುಗರಲ್ಲಿ ಕಡಿಮೆ ಇಲ್ಲ. ಮಾತು ಕೊನೆಗೆ ಅಲ್ಲಿಗೇ ಬರುತ್ತದೆ.

ಸಾಮೂಹಿಕ ದಾವೆಯ ಲೆಕ್ಕ ಸರಳ. ದೊಡ್ಡ ಕಂಪನಿಯೊಂದು ಸಾವಿರಾರು ಜನರಿಗೆ ತಲಾ ಒಂದಿಷ್ಟು ಹಣ ಕೊಡದೆ ಹಿಡಿದುಕೊಂಡಿತು ಅನ್ನಿ. ಒಬ್ಬೊಬ್ಬರ ನಷ್ಟ ಚಿಕ್ಕದು. ಅದಕ್ಕಾಗಿ ಪ್ರತಿಯೊಬ್ಬರೂ ವಕೀಲರನ್ನು ಹಿಡಿಯಲು ಹೋದರೆ ಮೂಗಿಗಿಂತ ಮೂಗುತಿ ಭಾರ. ಆದ್ದರಿಂದ ಒಬ್ಬರೋ ಇಬ್ಬರೋ ತಮ್ಮ ಹೆಸರು ಕೊಟ್ಟು ಎಲ್ಲರ ಪರವಾಗಿ ದಾವೆ ಹೂಡುತ್ತಾರೆ. ಉಳಿದವರೆಲ್ಲ ಹೆಸರಿಲ್ಲದ ಸದಸ್ಯರು. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳಲ್ಲಿ 23ನೆಯದು ಇದಕ್ಕೆ ದಾರಿ ಮಾಡಿಕೊಡುತ್ತದೆ. 1966ರಲ್ಲಿ ಅದನ್ನು ತಿದ್ದಿದಾಗ ಒಂದು ದೊಡ್ಡ ಬದಲಾವಣೆಯಾಯಿತು. ನಷ್ಟ ಪರಿಹಾರದ ದಾವೆಯಲ್ಲಿ ಗುಂಪಿನ ವ್ಯಾಖ್ಯೆಯೊಳಗೆ ಬರುವವರೆಲ್ಲ ತಾವಾಗಿಯೇ ಒಳಗೆ. ಬೇಡ ಅನ್ನುವವರು ಮಾತ್ರ ಬರೆದು ತಿಳಿಸಿ ಹೊರಗೆ ಹೋಗಬಹುದು. ಏನೂ ಮಾಡದೆ ಇದ್ದರೆ ನೀವು ಗುಂಪಿನಲ್ಲಿದ್ದೀರಿ ಎಂದೇ ಅರ್ಥ.

ಇದು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಎನ್ನುವುದಕ್ಕೆ 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಿದ ಫಿಲಿಪ್ಸ್ ಪೆಟ್ರೋಲಿಯಂ ಪ್ರಕರಣ ಒಳ್ಳೆಯ ಉದಾಹರಣೆ. ನೆಲದಡಿಯ ಅನಿಲಕ್ಕೆ ರಾಯಧನ ಪಡೆಯಬೇಕಾದ ಸುಮಾರು 28,000 ಜನ ಆ ಗುಂಪಿನಲ್ಲಿದ್ದರು. ತಡವಾಗಿ ಕೊಟ್ಟ ಹಣಕ್ಕೆ ಕಂಪನಿ ಬಡ್ಡಿ ಕೊಟ್ಟಿಲ್ಲ ಎಂಬುದು ದೂರು. ತಲಾ ಬರಬೇಕಾದದ್ದು ಸರಾಸರಿ 100 ಡಾಲರ್. ಕೇಸು ನಡೆದದ್ದು ಕ್ಯಾನ್ಸಸ್ ರಾಜ್ಯದಲ್ಲಿ. ಅಲ್ಲಿಯವರೆಂದು ಹೇಳಬಹುದಾದವರು ಒಂದು ಸಾವಿರಕ್ಕಿಂತ ಕಡಿಮೆ. ಬೇರೆ ರಾಜ್ಯದಲ್ಲಿ ಕೂತವರನ್ನು ಇಲ್ಲಿಯ ಕೋರ್ಟು ಕಟ್ಟಿಹಾಕಬಹುದೇ ಎಂಬ ಪ್ರಶ್ನೆ ಎದ್ದಾಗ ಸುಪ್ರೀಂ ಕೋರ್ಟು ಕೊಟ್ಟ ವಿವರಣೆ ಗಮನಿಸುವಂಥದ್ದು. ಪ್ರತಿವಾದಿಯನ್ನು ಕೋರ್ಟಿಗೆ ಎಳೆದರೆ ಅವನು ವಕೀಲರನ್ನು ಇಡಬೇಕು, ಓಡಾಡಬೇಕು, ಸೋತರೆ ಹಣ ಕಟ್ಟಬೇಕು. ದಾವೆ ಹೂಡಿದ ಗುಂಪಿನ ಹೆಸರಿಲ್ಲದ ಸದಸ್ಯನಿಗೆ ಅಂಥ ಹೊರೆ ಯಾವುದೂ ಇಲ್ಲ. ಅವನು ಸುಮ್ಮನೆ ಕೂತು ಕೇಸು ತನ್ನ ದಾರಿಯಲ್ಲಿ ಸಾಗುವುದನ್ನು ನೋಡಬಹುದು. ಹೊರೆ ಇಲ್ಲದ ಕಾರಣಕ್ಕೇ, ನೋಟಿಸು ಕೊಟ್ಟು, ಹೊರಹೋಗುವ ಅವಕಾಶ ಕೊಟ್ಟರೆ ಸಾಕು, ಅವನನ್ನು ಗುಂಪಿಗೆ ಸೇರಿಸಿಕೊಳ್ಳಬಹುದು ಎಂದಿತು ಕೋರ್ಟು.

ಈಗ ಜಗ್ಗಾಟದ ಇನ್ನೊಂದು ತುದಿಗೆ ಬರೋಣ. ಅದರ ಹೆಸರು ಡಿಸ್ಕವರಿ. ವಿಚಾರಣೆಗೆ ಮೊದಲೇ ಎರಡೂ ಪಕ್ಷಗಳು ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರು ಕೇಳಿ ಪಡೆಯುವ ಪದ್ಧತಿ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಲ್ಲೂ ಎದುರು ಪಕ್ಷಕ್ಕೆ ಲಿಖಿತ ಪ್ರಶ್ನೆ ಕೊಡುವ, ದಾಖಲೆ ಕೇಳುವ ಅವಕಾಶವಿದೆ. ಆದರೆ ಅಮೆರಿಕದಲ್ಲಿ ಅದು ಕೇಸಿನ ಮುಕ್ಕಾಲು ಪಾಲು ಜೀವ. ಪ್ರಮಾಣ ಮಾಡಿ ಉತ್ತರಿಸಬೇಕಾದ ಲಿಖಿತ ಪ್ರಶ್ನೆಗಳು, ಈಗಿನ ನಿಯಮದಂತೆ ಸಾಮಾನ್ಯವಾಗಿ 25ರವರೆಗೆ. ಹಳೆಯ ಪತ್ರ, ರಸೀದಿ, ಇ-ಮೇಲ್ ಒಪ್ಪಿಸಿ ಎಂಬ ಬೇಡಿಕೆ. ಎಲ್ಲಕ್ಕಿಂತ ಕಷ್ಟದ್ದು ಡಿಪೊಸಿಷನ್: ಎದುರು ಪಕ್ಷದ ವಕೀಲರ ಮುಂದೆ ಕೂತು, ಪ್ರಮಾಣದ ಮೇಲೆ, ಒಂದು ದಿನದಲ್ಲಿ ಏಳು ಗಂಟೆಯವರೆಗೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆದೇಶ ಬಂದ ಮೇಲೂ ಉತ್ತರಿಸದಿದ್ದರೆ ಶಿಕ್ಷೆ ಉಂಟು. ಕೇಸೇ ವಜಾ ಆಗಬಹುದು.

ಹೆಸರು ಕೊಟ್ಟು ದಾವೆ ಹೂಡಿದವರು ಇದಕ್ಕೆಲ್ಲ ಸಿದ್ಧರಿರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಗುಂಪಿನಲ್ಲಿ ಸುಮ್ಮನೆ ಕೂತ 28,000 ಜನಕ್ಕೂ ಕಂಪನಿ ಈ ಪ್ರಶ್ನೆಪತ್ರಿಕೆ ಕಳಿಸಬಹುದೇ? ಉತ್ತರಿಸದವರ ಹೆಸರು ಹೊಡೆದುಹಾಕಬಹುದೇ? 23ನೇ ನಿಯಮದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಹೆಸರಿಲ್ಲದ ಸದಸ್ಯ ದಾವೆಯ 'ಪಕ್ಷಕಾರ' ಹೌದೋ ಅಲ್ಲವೋ ಎಂಬುದೇ ಗೊಂದಲ. 2002ರಲ್ಲಿ ಡೆವ್ಲಿನ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿದ್ದು ಇಷ್ಟೇ: ಕೆಲವು ಉದ್ದೇಶಗಳಿಗೆ ಹೌದು, ಕೆಲವಕ್ಕೆ ಅಲ್ಲ. ಹೀಗಾಗಿ ಉತ್ತರ ಹುಡುಕುವ ಕೆಲಸ ಕೆಳಗಿನ ಕೋರ್ಟುಗಳ ಪಾಲಿಗೆ ಬಂತು.

ಮೊದಲ ದೊಡ್ಡ ಉತ್ತರ ಬಂದದ್ದು 1971ರಲ್ಲಿ, ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದಿಂದ. ಷಿಕಾಗೋದಲ್ಲಿ ಕೂರುವ ಈ ಕೋರ್ಟಿನ ವ್ಯಾಪ್ತಿಗೆ ಇಲಿನಾಯ್, ಇಂಡಿಯಾನಾ, ವಿಸ್ಕಾನ್ಸಿನ್ ಬರುತ್ತವೆ. ಪ್ರಕರಣದ ಹೆಸರು ಬ್ರೆನನ್. ಷೇರು ದಲ್ಲಾಳಿಯ ವಂಚನೆಗೆ ಇಂಡಿಯಾನಾದ ವಿಮಾ ಕಂಪನಿಯೊಂದು ನೆರವಾಯಿತು ಎಂಬ ಆರೋಪ. ಕಂಪನಿ ಹೆಸರಿಲ್ಲದ ಸದಸ್ಯರಿಗೂ ಪ್ರಶ್ನೆ ಕಳಿಸಿತು, ದಾಖಲೆ ಕೇಳಿತು. ಕೆಲವರು ಮತ್ತೆ ಮತ್ತೆ ತಿಳಿಸಿದರೂ ಉತ್ತರಿಸಲಿಲ್ಲ. ಅವರ ಹಕ್ಕುಕೇಳಿಕೆಯನ್ನು ಮತ್ತೆಂದೂ ತರದಂತೆ ಕೆಳಗಿನ ಕೋರ್ಟು ವಜಾ ಮಾಡಿತು, ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೇಸಿನ ತೀರ್ಮಾನಕ್ಕೆ ಆ ಮಾಹಿತಿ ಬೇಕೇಬೇಕು ಎಂದಿದ್ದರೆ, ಪ್ರಶ್ನೆಗಳು ಗುಂಪನ್ನು ಹಣಿಯುವ ತಂತ್ರವಾಗಿರದಿದ್ದರೆ, ಸುಮ್ಮನಿರುವವರೂ ಉತ್ತರಿಸಬೇಕು ಎಂಬುದು ಅದರ ತರ್ಕ. ಕಂಪನಿಗಳ ಪರ ವಕೀಲರಿಗೆ ಇದೊಂದು ಬಾಗಿಲು ತೆರೆದಂತಾಯಿತು.

ಅದೇ ಕೋರ್ಟು ಮೂರೇ ವರ್ಷಕ್ಕೆ, 1974ರಲ್ಲಿ, ಆ ಬಾಗಿಲನ್ನು ಬಹುಮಟ್ಟಿಗೆ ಮುಂದೆ ಮಾಡಿತು. ಆ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ವಲಸೆ ಬಂದವರ ಕಥೆ.

ಇಪ್ಪತ್ತನೇ ಶತಮಾನದ ಮೊದಲ ಆರೇಳು ದಶಕಗಳಲ್ಲಿ ಮಿಸಿಸಿಪ್ಪಿ, ಅಲಬಾಮಾದಂಥ ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಬಂದರು. ಷಿಕಾಗೋ ಅವುಗಳಲ್ಲಿ ಮುಖ್ಯವಾದದ್ದು. ಬಂದ ಊರಿನಲ್ಲಿ ಒಂದು ಸ್ವಂತ ಸೂರು ಎಂಬ ಆಸೆ ಎಂಥದ್ದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರಿಗೆ ಬ್ಯಾಂಕಿನ ಸಾಲ ಸಿಗುತ್ತಿರಲಿಲ್ಲ. 1934ರಲ್ಲಿ ಹುಟ್ಟಿದ ಫೆಡರಲ್ ಗೃಹನಿರ್ಮಾಣ ಆಡಳಿತ ಸಂಸ್ಥೆ ಕಪ್ಪು ಜನರ ಬಡಾವಣೆಗಳ ಮನೆ ಸಾಲಕ್ಕೆ ವಿಮೆಯ ಭದ್ರತೆ ಕೊಡಲು ಒಪ್ಪುತ್ತಿರಲಿಲ್ಲ. ಅದಿಲ್ಲದೆ ಬ್ಯಾಂಕುಗಳು ಕೈಚಾಚುತ್ತಿರಲಿಲ್ಲ. ಆ ಖಾಲಿ ಜಾಗಕ್ಕೆ ಬಂದವರು ಕಂತಿನ ಕರಾರಿನ ಮೇಲೆ ಮನೆ ಮಾರುವವರು. ಮುಂಗಡ ಕೊಡಿ, ತಿಂಗಳಿಗೆ ಇಷ್ಟು ಕಟ್ಟಿ, ಮನೆಯಲ್ಲಿ ಇರಿ. ಆದರೆ ಕೊನೆಯ ಕಂತು ಮುಗಿಯುವವರೆಗೆ ಕ್ರಯಪತ್ರ ಇಲ್ಲ, ಮನೆ ನಿಮ್ಮ ಹೆಸರಿಗಿಲ್ಲ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ ಹಣವೂ ಹೋಯಿತು. ಬೆಲೆಯಂತೂ ಕೇಳುವುದೇ ಬೇಡ. 1961ರಲ್ಲಿ ನಗರದ ಪಶ್ಚಿಮ ಭಾಗದಲ್ಲಿ ಮಿಸಿಸಿಪ್ಪಿಯಿಂದ ಬಂದವರೊಬ್ಬರು 27,500 ಡಾಲರಿಗೆ ಕೊಂಡ ಮನೆಯನ್ನು ಮಾರಿದವನು ಆರು ತಿಂಗಳ ಹಿಂದಷ್ಟೇ ಕೊಂಡಿದ್ದ ಬೆಲೆ 12,000 ಡಾಲರ್.

1968ರಲ್ಲಿ ಈ ಕೊಳ್ಳುಗರು ಕಾಂಟ್ರಾಕ್ಟ್ ಬೈಯರ್ಸ್ ಲೀಗ್ ಎಂಬ ಸಂಘ ಕಟ್ಟಿದರು. ಕಂತು ಕಟ್ಟುವುದನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಜೊತೆಗೆ ಕೋರ್ಟಿಗೂ ಹೋದರು. ನಗರದ ದಕ್ಷಿಣ ಭಾಗದಲ್ಲಿ ಹೊಸ ಮನೆ ಕಟ್ಟಿ ಮಾರಿದ ಯೂನಿವರ್ಸಲ್ ಬಿಲ್ಡರ್ಸ್ ಮತ್ತಿತರರ ಮೇಲಿನ ಸಾಮೂಹಿಕ ದಾವೆಯೇ ಕ್ಲಾರ್ಕ್ ಪ್ರಕರಣ. ಬಿಳಿಯರಿಗೆ ಮಾರಿದ ಅಂಥದೇ ಮನೆಗಳಿಗಿಂತ ನಮ್ಮಿಂದ ತುಂಬಾ ಹೆಚ್ಚು ಬೆಲೆ ತೆಗೆದುಕೊಂಡರು, ಅದೂ ಕರಾರಿನ ಮೇಲೆ ಮಾತ್ರ ಮಾರಿದರು. ಇದು 1866ರ ನಾಗರಿಕ ಹಕ್ಕುಗಳ ಕಾಯ್ದೆಗೆ ವಿರುದ್ಧ ಎಂಬುದು ಅವರ ವಾದ.

ಈ ಕೇಸಿನಲ್ಲಿ ಪ್ರತಿವಾದಿಗಳು ಹೆಸರಿಲ್ಲದ ಸದಸ್ಯರಿಗೆ ಪ್ರಶ್ನಾವಳಿ ಕಳಿಸಿದರು. ಉತ್ತರಿಸದವರನ್ನು ಕೈಬಿಡಬೇಕು ಎಂದು ಕೇಳಿದರು. ಕೆಳಗಿನ ಕೋರ್ಟು ಒಪ್ಪಿತು. ಆ ಲಕೋಟೆ ಯಾರ ಮನೆಗೆ ಹೋಗಿರಬಹುದು ಎಂದು ಒಮ್ಮೆ ಯೋಚಿಸಿ. ಮನೆ ಇನ್ನೂ ತನ್ನ ಹೆಸರಿಗಿಲ್ಲ. ತಾನು ಯಾರ ಮೇಲೆ ದೂರು ಹೇಳುತ್ತಿದ್ದಾನೋ ಆ ಮಾರಾಟಗಾರನ ಕೈಯಲ್ಲೇ ಕಾಗದಪತ್ರ. ಪ್ರಶ್ನೆಗಳು ವಕೀಲರ ಭಾಷೆಯಲ್ಲಿವೆ. ತಪ್ಪು ಉತ್ತರ ಬರೆದರೆ ಏನಾದೀತೋ ಗೊತ್ತಿಲ್ಲ. ಅಂಥವನು ಆ ಲಕೋಟೆಯನ್ನು ಗೋಡೆ ಗೂಡಿನಲ್ಲಿಟ್ಟು ಸುಮ್ಮನಾದರೆ ಅವನಿಗೆ ನ್ಯಾಯ ಬೇಡವೆಂದು ಅರ್ಥವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹೆದರಿದವನು ಮಾಡುವ ಕೆಲಸ ಅದು.

ಮೇಲ್ಮನವಿ ನ್ಯಾಯಾಲಯ ಹಾಗೆ ಹೆಸರು ಹೊಡೆದದ್ದನ್ನು ರದ್ದು ಮಾಡಿತು. ಬ್ರೆನನ್ ತೀರ್ಪನ್ನು ತಳ್ಳಿಹಾಕಲಿಲ್ಲ, ಆದರೆ ಹೊಣೆಯನ್ನು ಪ್ರಶ್ನೆ ಕೇಳುವವರ ಹೆಗಲಿಗೆ ಹಾಕಿತು. ಹೆಸರಿಲ್ಲದ ಸದಸ್ಯರಿಗೆ ಪ್ರಶ್ನೆ ಕಳಿಸಬೇಕಾದರೆ ಅದು ಏಕೆ ಬೇಕು ಎಂದು ಪ್ರತಿವಾದಿಯೇ ತೋರಿಸಬೇಕು. ಗುಂಪಿನವರ ಅಸಹಾಯಕತೆಯ ಲಾಭ ಪಡೆಯುವ, ತಲೆ ಎಣಿಕೆ ಕಡಿಮೆ ಮಾಡುವ ಹೂಟ ಅದರಲ್ಲಿ ಇರಬಾರದು. ಉತ್ತರಿಸಲು ವಕೀಲರ ನೆರವೇ ಬೇಕು ಎನ್ನುವಷ್ಟು ಕ್ಲಿಷ್ಟವಾದ ಪ್ರಶ್ನೆ ಸಲ್ಲದು. ಎದುರು ಕೂರಿಸಿ ಕೇಳುವ ಡಿಪೊಸಿಷನ್ನಿಗಂತೂ ಇನ್ನೂ ಬಿಗಿಯಾದ ಕಾರಣ ಬೇಕು. ಮುಂದೆ ಬಂದ ಕೋರ್ಟುಗಳು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದವು: ಕೇಳುತ್ತಿರುವ ಸಂಗತಿ ಕೇಳುವವರಿಗೇ ಈಗಾಗಲೇ ಗೊತ್ತಿಲ್ಲವೇ? ಮಾರಿದ ಬೆಲೆ, ತಾರೀಖು, ಕಟ್ಟಿದ ಕಂತು, ಎಲ್ಲವೂ ಕಂಪನಿಯ ಕಡತದಲ್ಲೇ ಇರುವಾಗ ಅದನ್ನೇ ಮತ್ತೆ ಸಾವಿರ ಜನರಿಂದ ಬರೆಸುವುದರ ಉದ್ದೇಶ ಮಾಹಿತಿ ಆಗಿರಲಾರದು.

1986ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಕಬ್ಬಿಣದ ಕೊಳವೆ ಕಾರ್ಖಾನೆಯೊಂದರ ಮಹಿಳಾ ನೌಕರರ ಪ್ರಕರಣದಲ್ಲಿ ಹನ್ನೊಂದನೇ ಸರ್ಕ್ಯೂಟ್ ಈ ಮಾತನ್ನು ಇನ್ನೊಂದು ಕಡೆಯಿಂದ ಹೇಳಿತು. ಹೊರಹೋಗುವವರು ಬರೆದು ತಿಳಿಸಬೇಕು ಎಂಬುದು ನಿಯಮ. ಒಳಗೆ ಉಳಿಯಬೇಕಾದರೆ ಮೊದಲು ಏನಾದರೂ ಮಾಡಿ ತೋರಿಸಿ ಎಂಬ ಷರತ್ತು ಹಾಕಿದರೆ ಆ ನಿಯಮವನ್ನೇ ತಲೆಕೆಳಗು ಮಾಡಿದಂತೆ.

ಷಿಕಾಗೋದ ಕೊಳ್ಳುಗರಿಗೆ ಕೊನೆಗೆ ಏನಾಯಿತು? ಕೋರ್ಟಿನಲ್ಲಿ ಅವರು ಗೆಲ್ಲಲಿಲ್ಲ. 1983ರಲ್ಲಿ ಅದೇ ಏಳನೇ ಸರ್ಕ್ಯೂಟ್ ಪ್ರತಿವಾದಿಗಳ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಸುಮ್ಮನಿದ್ದವರ ಪರವಾಗಿ ಅವರು ಗಳಿಸಿದ ಆ ನಿಯಮ ಮಾತ್ರ ಉಳಿಯಿತು. ಬೇರೆ ಬೇರೆ ಊರಿನ ಗ್ರಾಹಕರು, ನೌಕರರು ಇವತ್ತಿಗೂ ಅದರ ನೆರಳಲ್ಲಿದ್ದಾರೆ.

ಹಾಗಂತ ಕಂಪನಿಗಳ ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ನನ್ನ ಮೇಲೆ ಹತ್ತು ಸಾವಿರ ಜನರ ಪರವಾಗಿ ಹಣ ಕೇಳುತ್ತಿದ್ದರೆ, ಅವರಲ್ಲಿ ನಿಜವಾಗಿ ನಷ್ಟವಾದವರು ಎಷ್ಟು ಎಂದು ಕೇಳುವ ಹಕ್ಕು ನನಗೆ ಬೇಡವೇ? 2011ರ ವಾಲ್‌ಮಾರ್ಟ್ ಪ್ರಕರಣದಲ್ಲಿ ಸುಮಾರು 15 ಲಕ್ಷ ಮಹಿಳೆಯರ ಗುಂಪಿಗೆ ಸುಪ್ರೀಂ ಕೋರ್ಟು ಒಪ್ಪಿಗೆ ಕೊಡದಿರುವುದಕ್ಕೆ ಇದೂ ಒಂದು ಕಾರಣ: ಒಬ್ಬೊಬ್ಬರ ವಿಷಯದಲ್ಲೂ ತನ್ನ ಸಮರ್ಥನೆ ಹೇಳಿಕೊಳ್ಳುವ ಅವಕಾಶ ಕಂಪನಿಗೆ ಇರಬೇಕು.

2021ರ ಟ್ರಾನ್ಸ್‌ಯೂನಿಯನ್ ತೀರ್ಪು ಈ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಸಾಲದ ಇತಿಹಾಸ ಇಡುವ ಈ ಸಂಸ್ಥೆ, ಬರೀ ಹೆಸರು ಹೋಲುತ್ತದೆ ಎಂಬ ಕಾರಣಕ್ಕೆ 8,185 ಜನರ ವರದಿಯಲ್ಲಿ ಇವರು ಸರ್ಕಾರದ ಭಯೋತ್ಪಾದಕರ ಪಟ್ಟಿಯಲ್ಲಿ ಇರಬಹುದು ಎಂಬ ಷರಾ ಹಾಕಿತ್ತು. ಅವರಲ್ಲಿ 1,853 ಜನರ ವರದಿ ಮಾತ್ರ ಆ ಅವಧಿಯಲ್ಲಿ ಬೇರೆಯವರ ಕೈಗೆ ಹೋಗಿತ್ತು. ಉಳಿದ 6,332 ಜನರಿಗೆ ವಾಸ್ತವದ ಹಾನಿ ಆಗಿಲ್ಲ, ಅವರ ಹೆಸರಿನ ಷರಾಕ್ಕೆ ಪರಿಹಾರವಿಲ್ಲ ಎಂದಿತು ಕೋರ್ಟು, 5-4ರ ಬಹುಮತದಲ್ಲಿ. ಸಂಸ್ಥೆ ಕಳಿಸಿದ ಪತ್ರಗಳ ನಮೂನೆ ಸರಿಯಿರಲಿಲ್ಲ ಎಂಬ ಇನ್ನೊಂದು ದೂರಿಗೆ ಕೊಟ್ಟ ಉತ್ತರ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹೆಸರು ಕೊಟ್ಟ ಒಬ್ಬನನ್ನು ಬಿಟ್ಟರೆ ಬೇರೆ ಯಾರಾದರೂ ಆ ಲಕೋಟೆ ಒಡೆದು ನೋಡಿದರು ಎನ್ನುವುದಕ್ಕೂ ಸಾಕ್ಷ್ಯವಿಲ್ಲ ಎಂದು ಕೋರ್ಟು ಎತ್ತಿ ತೋರಿಸಿತು. ಸುಮ್ಮನಿರುವುದಕ್ಕೂ ಒಂದು ಬೆಲೆಯಿದೆ ಎಂದಾಯಿತು. ಈ ತೀರ್ಪಿನ ನಂತರ, ಒಬ್ಬೊಬ್ಬರನ್ನೂ ಕೇಳಲು ಬಿಡಿ ಎನ್ನುವ ಪ್ರತಿವಾದಿಗಳ ಕೈಗೆ ಹೊಸ ಕಾರಣ ಸಿಕ್ಕಿದೆ.

ಕೋರ್ಟುಗಳು ಸಾಮಾನ್ಯವಾಗಿ ಕಂಡುಕೊಂಡಿರುವ ನಡುದಾರಿ ಎಂದರೆ ಮಾದರಿ ಆಯ್ಕೆ. ಅಮೆರಿಕದ ಫೆಡರಲ್ ನ್ಯಾಯಾಧೀಶರಿಗಾಗಿ ಇರುವ ಸಂಕೀರ್ಣ ದಾವೆಗಳ ಕೈಪಿಡಿಯೂ ಅದನ್ನೇ ಹೇಳುತ್ತದೆ. ಎಲ್ಲರನ್ನೂ ಕೇಳಬೇಡಿ, ಕೆಲವರನ್ನು ಆರಿಸಿ. ನೂರು ಪ್ರಶ್ನೆ ಬೇಡ, ಕೇಸಿಗೆ ಬೇಕಾದ ನಾಲ್ಕು ಪ್ರಶ್ನೆ ಸಾಕು. ಅನ್ನ ಬೆಂದಿದೆಯೇ ಎಂದು ನೋಡಲು ನಾವು ಒಂದು ಅಗುಳನ್ನೇ ಅಲ್ಲವೇ ಹಿಚುಕುವುದು?

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಒಬ್ಬರು ಹಲವರ ಪರವಾಗಿ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮ ಇದೆ. ಗ್ರಾಹಕರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಇದೆ. ಎರಡರಲ್ಲೂ ಅನುಮತಿ ಬೇಕು, ಎಲ್ಲರ 'ಹಿತಾಸಕ್ತಿ ಒಂದೇ' ಆಗಿರಬೇಕು. 8ನೇ ನಿಯಮದಡಿ ಬಂದ ಡಿಕ್ರಿ ಸುಮ್ಮನಿದ್ದವರನ್ನೂ ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ ಜಗಳ ನಡೆಯುವುದು ಗುಂಪು ಒಳಗೆ ಬಂದ ಮೇಲೆ, ಪ್ರಶ್ನೆಪತ್ರಿಕೆಯ ಸುತ್ತ. ನಮ್ಮಲ್ಲಿ ಜಗಳ ಹೊಸ್ತಿಲಲ್ಲೇ.

ಬೆಂಗಳೂರಿನ ಬ್ರಿಗೇಡ್ ಲೇಕ್‌ಫ್ರಂಟ್ ಪ್ರಕರಣ ನೋಡಿ. 1,134 ಫ್ಲ್ಯಾಟುಗಳ ಯೋಜನೆ. ಮನೆ ಕೈಗೆ ಕೊಡುವುದು ತಡವಾಯಿತು ಎಂದು 51 ಫ್ಲ್ಯಾಟುಗಳ 91 ಕೊಳ್ಳುಗರು ಎಲ್ಲರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಆಯೋಗ ಅನುಮತಿ ಕೊಟ್ಟಿತು. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಅದನ್ನು ಬದಲಾಯಿಸಿತು. ಉಳಿದ ಸಾವಿರಕ್ಕೂ ಹೆಚ್ಚು ಮಂದಿಯ ಹಿತಾಸಕ್ತಿಯೂ ಇದೇ ಎನ್ನುವುದಕ್ಕೆ ದೂರಿನಲ್ಲಿ ಸಾಕಷ್ಟು ವಿವರವಿಲ್ಲ. ಆದ್ದರಿಂದ 91 ಜನ ತಮ್ಮ ಮಟ್ಟಿಗೆ ಜಂಟಿ ದೂರು ನಡೆಸಬಹುದು, ಎಲ್ಲರ ಪರವಾಗಿ ಅಲ್ಲ ಎಂದಿತು. ತೀರ್ಪಿನ ತರ್ಕದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಫಲ ಏನೆಂದರೆ, ಮುಂಬಯಿಯಲ್ಲೋ ದೆಹಲಿಯಲ್ಲೋ ಕೂತು ಯಾರಾದರೂ ಹೋರಾಡುತ್ತಿದ್ದಾರಲ್ಲ ಎಂದುಕೊಳ್ಳುವ ಕೊಳ್ಳುಗ ಅಂಥ ಕೇಸಿನಲ್ಲಿ ಹೊರಗೇ ಉಳಿಯುತ್ತಾನೆ. ಅವನಿಗೆ ಪ್ರಶ್ನೆಪತ್ರಿಕೆಯ ಕಾಟವೂ ಇಲ್ಲ, ಪರಿಹಾರದ ಪಾಲೂ ಇಲ್ಲ.

ಆದ್ದರಿಂದ ದೂರದ ಊರಿನಲ್ಲಿರುವ ನಮಗೆ ಕೆಲವು ಕೆಲಸಗಳಿವೆ. ನಿಮ್ಮ ಯೋಜನೆಯ ಕೊಳ್ಳುಗರು ಕೇಸು ಹಾಕಿದ್ದಾರೆ ಎಂದು ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದರೆ, ಅದು ಎಲ್ಲರ ಪರವಾದ ದೂರೋ, ಹೆಸರು ಕೊಟ್ಟವರ ಜಂಟಿ ದೂರೋ ಎಂದು ಮೊದಲು ಕೇಳಿ. ಜಂಟಿಯಾದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದರೆ ಆಗದು, ಹೆಸರು ಸೇರಿಸಬೇಕು. ಗ್ರಾಹಕ ಆಯೋಗದಲ್ಲಿ ಎರಡು ವರ್ಷದ ಕಾಲಮಿತಿಯೂ ಇದೆ. ಎಲ್ಲರ ಪರವಾದದ್ದಾದರೆ ಅನುಮತಿ ಸಿಕ್ಕಿದೆಯೇ ನೋಡಿ. ಮಾರಾಟದ ಕರಾರು, ಹಣ ಕಟ್ಟಿದ ರಸೀದಿ, ಬಿಲ್ಡರ್ ಕಳಿಸಿದ ಇ-ಮೇಲ್ ಒಂದೆಡೆ ಜೋಡಿಸಿಡಿ. ಕೇಸು ನಡೆಯುತ್ತಿರುವಾಗ ಎದುರು ಪಕ್ಷದಿಂದ ನೇರವಾಗಿ ಯಾವುದಾದರೂ ಪ್ರಶ್ನೆ ಪಟ್ಟಿಯೋ ಒಪ್ಪಿಗೆ ಪತ್ರವೋ ಬಂದರೆ, ಅದರ ಹಿಂದೆ ಕೋರ್ಟಿನ ಆದೇಶ ಇದೆಯೇ ಎಂದು ಗುಂಪಿನ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ಕೋರ್ಟಿನಿಂದಲೇ ಬಂದದ್ದಾದರೆ ಗೋಡೆ ಗೂಡಿನಲ್ಲಿಡಬೇಡಿ.

ನಮ್ಮ ದೇಶದಲ್ಲೂ ಇಂಥ ಸಾಮೂಹಿಕ ದಾವೆಗಳು ಹೆಚ್ಚಲಿವೆ ಎಂದು ನನ್ನ ಅಂದಾಜು. ಆಗ ಹೆಸರಿಲ್ಲದ ಸದಸ್ಯರನ್ನು ಎಷ್ಟು ಕೇಳಬಹುದು ಎಂಬ ಪ್ರಶ್ನೆ ಇಲ್ಲಿಗೂ ಬಂದೇ ಬರುತ್ತದೆ. ಅದು ಬಂದ ದಿನ ನಮ್ಮ ನ್ಯಾಯಾಧೀಶರು 1974ರ ಷಿಕಾಗೋ ತೀರ್ಪನ್ನು ಒಮ್ಮೆ ತೆರೆದು ನೋಡಿದರೆ ಒಳ್ಳೆಯದು. ಕಂತಿನ ಮನೆಯಲ್ಲಿ ಕೂತು ಆ ಲಕೋಟೆಯನ್ನು ನೋಡಿ ಹೆದರಿದವರು ಕನ್ನಡದವರಲ್ಲದಿರಬಹುದು. ಆ ಹೆದರಿಕೆ ನಮಗೆ ಗೊತ್ತಿರುವಂಥದ್ದೇ.